ಅತ್ತೆ ಕೂತು ನೋಡಿದ ಮೇಲೆ

ಆ ಬೀದಿಯಲ್ಲಿ ಸೋಫಾ ಕುಸಿದರೂ ಕುರ್ಚಿ ಹರಿದರೂ ಜನ ಹೊತ್ತುಕೊಂಡು ಹೋಗುತ್ತಿದ್ದದ್ದು ಒಂದೇ ಅಂಗಡಿಗೆ. ಅಂಗಡಿಗೆ ಬೋರ್ಡೇನೋ ಇತ್ತು, ಆದರೆ ಬಿಸಿಲಿಗೆ ಅದರ ಅಕ್ಷರಗಳು ಮಾಸಿ ಎಷ್ಟೋ ಕಾಲವಾಗಿತ್ತು. "ಕುಶನ್ ಅಕ್ಕನ ಅಂಗಡಿ" ಎಂದರೆ ಸಾಕು, ಎಂಥ ಹೊಸ ಗಾಡಿಯವನೂ ಮರುಮಾತಿಲ್ಲದೆ ತಂದು ನಿಲ್ಲಿಸುತ್ತಿದ್ದ. ಅಕ್ಕನಿಗೆ ಐವತ್ತರ ಆಸುಪಾಸು. ತಲೆಗೂದಲಲ್ಲಿ ಸದಾ ಒಂದಿಷ್ಟು ಹತ್ತಿ, ಬಾಯಲ್ಲಿ ಸದಾ ಒಂದಿಷ್ಟು ಮೊಳೆ. ಮೊಳೆಗಳನ್ನು ಹಾಗೆಯೇ ತುಟಿಯಲ್ಲಿ ಕಚ್ಚಿಕೊಂಡು ಗಿರಾಕಿಗಳ ಜೊತೆ ಹರಟೆ ಹೊಡೆಯುತ್ತಿದ್ದಳು. ಒಂದು ಮೊಳೆಯೂ ಬೀಳುತ್ತಿರಲಿಲ್ಲ, ಒಂದು ಮಾತೂ ತಪ್ಪುತ್ತಿರಲಿಲ್ಲ.

ಈ ಅಂಗಡಿಗೆ ಒಂದು ಪದ್ಧತಿ ಇತ್ತು. ಅತ್ತೆ ಕೂತು ನೋಡದೆ ಯಾವ ಕುರ್ಚಿಯೂ ಹೊಸ್ತಿಲು ದಾಟುವ ಹಾಗಿಲ್ಲ. ಅತ್ತೆ ಅಂದರೆ ಅಕ್ಕನ ಗಂಡನ ತಾಯಿ. ಮಾವ ಬದುಕಿದ್ದಾಗ ಅವನು ಸ್ಪ್ರಿಂಗು ಕಟ್ಟುತ್ತಿದ್ದ, ಅತ್ತೆ ದಬ್ಬಣ ಹಿಡಿದು ಹೊಲಿಯುತ್ತಿದ್ದಳು, ಕೊನೆಗೆ ಧಪ್ಪನೆ ಕೂತು ತೀರ್ಪು ಕೊಡುತ್ತಿದ್ದಳು. ಕುರ್ಚಿ ಚೆನ್ನಾಗಿದ್ದರೆ ಬಾಯಿ ತೆರೆಯುತ್ತಿರಲಿಲ್ಲ, ಸುಮ್ಮನೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಇಲ್ಲದಿದ್ದರೆ "ಇದೇನು ಕುರ್ಚಿನೋ ಜಲ್ಲಿ ರಾಶಿನೋ?" ಎಂದು ಎದ್ದೇ ಬಿಡುತ್ತಿದ್ದಳು. ಗಿರಾಕಿ ಎದುರಿಗೇ ನಿಂತಿದ್ದರೂ ಅವಳಿಗೆ ಮುಲಾಜಿರಲಿಲ್ಲ.

ಮಾವ ಹೋದ. ಕೆಲವು ವರ್ಷಗಳ ಮೇಲೆ ಅಕ್ಕನ ಗಂಡನೂ ಕಾಯಿಲೆ ಬಿದ್ದು ಹೋದ. ಮಕ್ಕಳಿರಲಿಲ್ಲ. ಉಳಿದದ್ದು ಅತ್ತೆ, ಸೊಸೆ ಮತ್ತು ಊರಿನವರ ಮುರಿದ ಕುರ್ಚಿಗಳು. ಇಬ್ಬರೂ ಬೆಳಗಿಂದ ಸಂಜೆವರೆಗೆ ಒಬ್ಬರ ಕಾಲನ್ನು ಒಬ್ಬರು ಎಳೆಯುತ್ತ, ಮೊಳೆ ಹೊಡೆಯುತ್ತ, ಬದುಕನ್ನು ಹೇಗೋ ನೂಕಿದರು ಎನ್ನುವಂತಿಲ್ಲ, ಚೆನ್ನಾಗಿಯೇ ಬದುಕಿದರು.

ಆಮೇಲೆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಮೂಳೆ ಕೂಡಿತು, ಹಳೆಯ ನಡಿಗೆ ಮಾತ್ರ ಬರಲಿಲ್ಲ. ಏಳಲು, ಕೂರಲು, ಸ್ನಾನಕ್ಕೆ, ಎಲ್ಲಕ್ಕೂ ಒಂದು ಕೈ ಬೇಕು. ಮಂಚ ಅಂಗಡಿಯ ಹಿಂದಿನ ಕೋಣೆಗೆ ಬಂತು, ಹಿಡಿದು ನಡೆಯಲು ನಾಲ್ಕು ಕಾಲಿನ ವಾಕರ್ ಬಂತು. ಕೂಗಿ ಕೂಗಿ ಗಂಟಲು ನೋಯದಿರಲಿ ಎಂದು ಅಕ್ಕ ಆ ವಾಕರ್‌ಗೆ ಹಳೆಯ ಸೈಕಲ್ಲಿನ ಬೆಲ್ಲೊಂದನ್ನು ಬಿಗಿದು ಕೊಟ್ಟಳು. ಬಡಪಾಯಿ, ತನ್ನ ಕಾಲಿಗೆ ತಾನೇ ಚಕ್ರ ಕಟ್ಟಿಕೊಂಡಳು. ನೀರಿಗೆ ಟ್ರಿಣ್. ಕಿಟಕಿ ತೆಗೆಯಲು ಟ್ರಿಣ್. ಬೀದಿಯಲ್ಲಿ ಈಗ ಕೆಮ್ಮಿದ್ದು ಯಾರು ಎಂದು ತಿಳಿಯುವುದಕ್ಕೆ ಟ್ರಿಣ್ ಟ್ರಿಣ್.

ಊರಿಗೆಲ್ಲ ಕೂರಲು ಜಾಗ ಮಾಡಿಕೊಡುವ ಹೆಂಗಸು ತಾನು ಮಾತ್ರ ಕೂರುವುದನ್ನೇ ಮರೆತಳು. ಟೀ ನಿಂತೇ ಕುಡಿಯುತ್ತಿದ್ದಳು, ಊಟ ಒಲೆಯ ಪಕ್ಕ ನಿಂತೇ ಮುಗಿಸುತ್ತಿದ್ದಳು. ಅತ್ತೆಯನ್ನು ಎತ್ತಿ ಎತ್ತಿ ಬಲಭುಜ ಒಂದು ಕಡೆಗೆ ವಾಲಿತ್ತು. ಯಾರಾದರೂ ಕೇಳಿದರೆ "ಏನಿಲ್ಲ, ಸ್ವಲ್ಪ ಹಿಡ್ಕೊಂಡಿದೆ" ಎನ್ನುವಳು. ಆ ಸ್ವಲ್ಪ ಹಿಡಿದುಕೊಂಡದ್ದು ಬಿಡುವ ಯೋಚನೆಯಲ್ಲಿ ಇರಲೇ ಇಲ್ಲ.

ಹೀಗಿರುವಾಗ ಒಂದು ದಿನ ಹಳೇ ಟಾಕೀಸಿನ ಮ್ಯಾನೇಜರು ಬಂದ. ಕಡ್ಡಿಯಂಥ ಮನುಷ್ಯ, ಸದಾ ಮೂಗಿಗೆ ಕರ್ಚೀಫು.

"ಅಕ್ಕಾ, ಟಾಕೀಸು ಮತ್ತೆ ಶುರು ಮಾಡ್ತಿದ್ದೀವಿ. ಗೋಡೆಗೆ ಬಣ್ಣ ಆಯ್ತು, ಪರದೆ ಆಯ್ತು. ಸೀಟುಗಳು ನೋಡಿದ್ರೆ ಇಲಿಗಳ ಪಾಲಾಗಿವೆ. ನೀವೇ ಮಾಡ್ಬೇಕು."

"ತಂದು ಹಾಕಿ, ಮಾಡ್ಕೊಡ್ತೀನಿ."

"ತರೋದು ಹೇಗೆ? ಎಲ್ಲಾ ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿರೋದು. ಒಂದೆರಡಾದ್ರೆ ಬಿಚ್ಚಬಹುದು, ಇಡೀ ಹಾಲು ಬಿಚ್ಚಕ್ಕಾಗತ್ತಾ? ನೀವೇ ದಿನಾ ಅಲ್ಲಿಗೆ ಬರ್ಬೇಕು."

ಅಕ್ಕನ ಎದೆ ಕುಣಿಯಿತು. ಕುಣಿಯುವುದಕ್ಕೆ ಕಾರಣವಿತ್ತು. ಆ ಸೀಟುಗಳನ್ನು ಮೊದಲ ಸಲ ಕಟ್ಟಿದ್ದೇ ಮಾವ. ಆಗ ಅತ್ತೆ ಹೊಸ ಮದುವಣಗಿತ್ತಿ. ಖಾಲಿ ಟಾಕೀಸಿನಲ್ಲಿ ಒಂದೊಂದು ಸೀಟಿನಲ್ಲೂ ಕೂತು, ಎದ್ದು, ಮುಂದಿನದಕ್ಕೆ ಜಿಗಿದು, ಇಡೀ ಹಾಲನ್ನು ಮುಗಿಸಿದ್ದಳಂತೆ. ಅಂಗಡಿಯ ಪದ್ಧತಿ ಹುಟ್ಟಿದ್ದೇ ಅಲ್ಲಿ. ಅಷ್ಟು ದೊಡ್ಡ ಕೆಲಸ ಅಕ್ಕನ ಕೈಗೆ ಅವಳ ಜನ್ಮದಲ್ಲಿ ಬಂದಿರಲಿಲ್ಲ. ಹ್ಞೂಂ ಎನ್ನಲು ಬಾಯಿ ತೆರೆದಳು, ಅಷ್ಟರಲ್ಲಿ ಹಿಂದಿನ ಕೋಣೆಯಿಂದ ಟ್ರಿಣ್ ಎಂದಿತು.

"ಯೋಚನೆ ಮಾಡಿ ಹೇಳ್ತೀನಿ" ಎಂದು ಒಳಗೆ ಓಡಿದಳು.

ಯೋಚನೆ ಮಾಡಿದಷ್ಟೂ ತಲೆ ಕೆಟ್ಟಿತು. ಅತ್ತೆಯನ್ನು ಯಾರ ಕೈಗೆ ಒಪ್ಪಿಸುವುದು? ದೂರದೂರಿನಲ್ಲಿದ್ದ ನಾದಿನಿಗೆ ಫೋನಿನಲ್ಲಿ ಹೇಳಿಕೊಂಡಳು. ನಾದಿನಿ ಒಳ್ಳೆಯವಳೇ, ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು, "ಅತ್ತಿಗೆ, ನಿಮ್ಮ ಕೈಲಿ ಆಗ್ದಿದ್ರೆ ಸಂಕೋಚ ಬೇಡ. ಅಮ್ಮನ್ನ ನಾನು ಕರ್ಕೊಂಡು ಬಂದು ಇಲ್ಲೇ ಇಟ್ಕೋತೀನಿ. ನೀವೂ ಆರಾಮಾಗಿರಿ."

ಫೋನಿಟ್ಟ ಅಕ್ಕ ಗರಬಡಿದವಳ ಹಾಗೆ ನಿಂತಳು. ಈ ಜಗತ್ತಿನಲ್ಲಿ ಅವಳನ್ನು ಸೊಸೆ ಎನ್ನುವ ಬಾಯಿ ಉಳಿದಿದ್ದದ್ದು ಅದೊಂದೇ. ಅತ್ತೆ ಮಗಳ ಮನೆಗೆ ಹೋಗಿಬಿಟ್ಟರೆ ತಾನು ಯಾರು? ನಾಲ್ಕು ಸ್ಪ್ರಿಂಗು, ಎರಡು ಚೀಲ ಹತ್ತಿ, ಒಂದು ಹೊಲಿಗೆ ಯಂತ್ರದ ನಡುವೆ ಇರುವ ಒಂಟಿ ಹೆಂಗಸು. ಹಾಗಾಗಿ "ನನ್ನ ಕೈಲಿ ಆಗಲ್ಲ" ಎಂಬ ಮಾತು ಬಾಯಿಗೆ ಬರದ ಹಾಗೆ ಹಲ್ಲು ಕಚ್ಚಿಕೊಂಡಿದ್ದಳು.

ಅತ್ತೆಯ ನಡಿಗೆ ಹೇಗಿದೆ ಎಂದು ನೋಡಲು ಬಂದ ನರ್ಸಮ್ಮ ಮಾತ್ರ ಅತ್ತೆಯನ್ನು ನೋಡಿ ಮುಗಿಸಿ ಸೊಸೆಯ ಕಡೆ ತಿರುಗಿದಳು.

"ನಿಮ್ಮ ಭುಜ ಯಾಕೆ ಹಾಗೆ ವಾಲಿದೆ?"

"ಏನಿಲ್ಲ, ಸ್ವಲ್ಪ ಹಿಡ್ಕೊಂಡಿದೆ."

"ರಾತ್ರಿ ನಿದ್ದೆ?"

"ಬರತ್ತೆ. ಬೆಲ್ಲು ಬಾರದಿದ್ರೆ ಬರತ್ತೆ."

ನರ್ಸಮ್ಮ ನಗಲಿಲ್ಲ. ತಾನು ನಡೆಸುವ 'ಬಿಡುವಿನ ಮನೆ'ಯ ವಿಷಯ ಹೇಳಿದಳು. ಹಳೆಯ ಶಾಲೆಯ ಕಟ್ಟಡ. ಬೆಳಿಗ್ಗೆ ವ್ಯಾನು ಬಂದು ವಯಸ್ಸಾದವರನ್ನು ಕರೆದೊಯ್ಯುತ್ತದೆ, ಸಂಜೆ ತಂದು ಬಿಡುತ್ತದೆ. ಎತ್ತಿ ಇಳಿಸಲು ತಿಳಿದವರು ಇದ್ದಾರೆ, ಊಟ ಇದೆ, ಮಲಗಲು ಮಂಚ ಇದೆ. ಮನೆಯವರು ಒಂದೆರಡು ದಿನ ಊರಿಗೆ ಹೋಗಬೇಕಾದರೆ ರಾತ್ರಿಯೂ ಉಳಿಸಿಕೊಳ್ಳುತ್ತಾರೆ. ಶನಿವಾರ ಸಂಜೆ ಮನೆಯಲ್ಲಿ ನೋಡಿಕೊಳ್ಳುವವರಿಗೆಂದೇ ಟೀ, ಮಾತು.

ಅಕ್ಕ ಸೆಟೆದು ನಿಂತಳು. "ನಮ್ಮ ಅತ್ತೆನ ನಾನೇ ನೋಡ್ಕೋತೀನಿ."

"ನೋಡ್ಕೊಳ್ಳಿ, ಯಾರು ಬೇಡ ಅಂದ್ರು? ಆದ್ರೆ ಆ ಭುಜ ಪೂರ್ತಿ ಹೋಯ್ತು ಅಂದ್ರೆ ಈ ಮನೇಲಿ ನನಗೆ ಇಬ್ಬರು ಪೇಷಂಟು. ನನ್ನ ವ್ಯಾನಲ್ಲಿ ಖಾಲಿ ಇರೋದು ಒಂದೇ ಸೀಟು."

ಹಿಂದಿನ ಕೋಣೆಯಲ್ಲಿ ಎಲ್ಲವನ್ನೂ ಕಿವಿ ನಿಮಿರಿಸಿ ಕೇಳುತ್ತಿದ್ದ ಅತ್ತೆ ಬೆಲ್ಲು ಬಾರಿಸಲಿಲ್ಲ. ಅದು ವಿಚಿತ್ರವೆಂದು ಅಕ್ಕನಿಗೆ ಆಗ ಹೊಳೆಯಲಿಲ್ಲ. ರಾತ್ರಿಯೆಲ್ಲ ಭುಜದ ನೋವಿಗೆ ಮಗ್ಗುಲು ಬದಲಾಯಿಸುತ್ತ ಯೋಚಿಸಿ, ಬೆಳಿಗ್ಗೆ ಅವಳು ನರ್ಸಮ್ಮನಿಗೂ ಮ್ಯಾನೇಜರಿಗೂ ಹ್ಞೂಂ ಎಂದಳು.

ವ್ಯಾನು ಬಂದ ಮೊದಲ ಬೆಳಿಗ್ಗೆ ಬೀದಿಯವರಿಗೆಲ್ಲ ಪುಕ್ಕಟೆ ನಾಟಕ. ಅತ್ತೆ ಬಾಗಿಲ ಚೌಕಟ್ಟನ್ನು ಹಿಡಿದವಳು ಜಪ್ಪಯ್ಯ ಅಂದರೂ ಬಿಡಲೊಲ್ಲಳು. "ನನ್ನ ಸಾಗಹಾಕ್ತಿದ್ದಾಳೆ, ನೋಡ್ರಪ್ಪಾ!" ಎಂದು ಎದುರುಮನೆಯವರಿಗೆ ಸಾರಿದಳು. ವ್ಯಾನು ಹತ್ತಿದ ಮೇಲೂ ಬೀದಿಯ ತುದಿ ದಾಟುವವರೆಗೆ ಬೆಲ್ಲು ಟ್ರಿಣ್ ಟ್ರಿಣ್ ಎನ್ನುತ್ತಲೇ ಇತ್ತು. ಅಕ್ಕ ಅಂಗಡಿಯೊಳಗೆ ಬಂದು ಹತ್ತಿಯ ಚೀಲಕ್ಕೆ ಮುಖವಿಟ್ಟು ಅತ್ತಳು. ಅತ್ತು ಮುಗಿದ ಮೇಲೆ ಮುಖಕ್ಕಂಟಿದ ಹತ್ತಿ ಒರೆಸಿಕೊಂಡು, ಸುತ್ತಿಗೆ, ಕತ್ತರಿ, ದಬ್ಬಣ ಎತ್ತಿಕೊಂಡು ಟಾಕೀಸಿಗೆ ನಡೆದಳು.

ಟಾಕೀಸು ತಣ್ಣಗಿತ್ತು. ಸಾಲು ಸಾಲು ಸೀಟುಗಳು ಹೊಟ್ಟೆ ಬಿರಿದುಕೊಂಡು ಕೂತಿದ್ದವು. ಅಕ್ಕ ಮೊದಲ ಸಾಲಿನ ಹಳೆಯ ಬಟ್ಟೆ ಕಿತ್ತಳು, ಇಲಿ ಕಡಿದ ನಾರನ್ನು ಸುರಿದಳು, ಮಾವ ಕಟ್ಟಿದ್ದ ಸ್ಪ್ರಿಂಗುಗಳು ಇನ್ನೂ ಗಟ್ಟಿಯಾಗಿವೆ ಎಂದು ಬೆರಳಿಂದ ಒತ್ತಿ ನೋಡಿ ಖುಷಿಪಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಏನೋ ಕಡಿಮೆಯಾದಂತೆ ಅನಿಸಿತು. ಏನೆಂದು ಹುಡುಕಿದರೆ ಬೆಲ್ಲು. ಯಾರೂ ಕರೆಯುತ್ತಿಲ್ಲ. ಒಂದು ಮೊಳೆ ಹೊಡೆದರೆ ಅದೇ ಕೈಯಲ್ಲಿ ಇನ್ನೊಂದು ಹೊಡೆಯಬಹುದು, ನಡುವೆ ಓಡಬೇಕಾಗಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವಳಿಗೇ ತಿಳಿಯದಂತೆ ಹಾಡು ಬಂತು. ಖಾಲಿ ಹಾಲಿನಲ್ಲಿ ಹಾಡು ದೊಡ್ಡದಾಗಿ ಮೊಳಗಿತು, ಅಕ್ಕನಿಗೆ ಇನ್ನೂ ಹುಮ್ಮಸ್ಸು ಬಂತು. ಮ್ಯಾನೇಜರು ಬಾಗಿಲಿಂದ ಇಣುಕಿ ನೋಡಿ ಕರ್ಚೀಫು ಮೂಗಿಂದ ಕಿವಿಗೆ ಬದಲಾಯಿಸಿದ.

ಸಂಜೆ ವ್ಯಾನಿನ ಸದ್ದು ಕೇಳಿದ ಕೂಡಲೇ ಹಾಡಿದ್ದಕ್ಕೆ ನಾಚಿಕೆಯಾಯಿತು. ಅತ್ತೆ ಮುಖ ಊದಿಸಿಕೊಂಡು ಇಳಿದಳು.

"ಹೇಗಿತ್ತು ಅತ್ತೆ?"

"ಇತ್ತು."

"ಊಟ?"

"ಹಾಕಿದ್ರು."

"ಜನ ಹೇಗೆ?"

"ಏನು ಜನ? ಬರೀ ಮುದುಕರು" ಎಂದಳು, ಎಂಬತ್ತು ದಾಟಿದ ಅತ್ತೆ.

ಅಕ್ಕನಿಗೆ ಕರುಳು ಚುರುಕ್ ಎಂದಿತು. ಅತ್ತೆ ಅಲ್ಲಿ ಸೊರಗುತ್ತಿರುವಾಗ ತಾನು ಇಲ್ಲಿ ಹಾಡುವುದೇ? ಅತ್ತೆಗೆ ಸಮಾಧಾನವಾಗಲಿ ಎಂದು ಅವಳೂ ಮುಖ ಸಣ್ಣ ಮಾಡಿದಳು. "ನನಗೂ ಅಲ್ಲಿ ಏನೇನೂ ಚೆನ್ನಾಗಿಲ್ಲ ಅತ್ತೆ. ಧೂಳು, ಕತ್ತಲೆ. ಹೊತ್ತೇ ಹೋಗಲ್ಲ." ಅತ್ತೆ "ಅಯ್ಯೋ ಪಾಪ" ಎಂದು ನಿಟ್ಟುಸಿರಿಟ್ಟಳು. ಅಂದಿನಿಂದ ದಿನಾ ಸಂಜೆ ಆ ಮನೆಯಲ್ಲಿ ನಿಟ್ಟುಸಿರಿನ ಪಂದ್ಯ. ಇವಳು ಒಂದು ಬಿಟ್ಟರೆ ಅವಳು ಎರಡು.

ಶನಿವಾರದ ಟೀಗೆ ಅಕ್ಕ ಒಲ್ಲದ ಮನಸ್ಸಿನಿಂದ ಹೋದಳು, ಅಲ್ಲೂ ಗೋಡೆಗೆ ಒರಗಿ ನಿಂತೇ ಇದ್ದಳು. ಅತ್ತೆಯನ್ನು ಎತ್ತುವಾಗ ಭುಜದ ಬದಲು ಮೊಣಕಾಲಿನ ಬಲ ಹೇಗೆ ಹಾಕಬೇಕು ಎಂದು ನರ್ಸಮ್ಮ ಮಾಡಿ ತೋರಿಸಿದಳು. ಪಕ್ಕದಲ್ಲಿ ಇದ್ದವನು ನಿವೃತ್ತ ಪೋಸ್ಟ್‌ಮ್ಯಾನ್, ಎಲ್ಲರ ಬಾಯಲ್ಲೂ ಪೋಸ್ಟಣ್ಣ. ಅವನ ಹೆಂಡತಿಗೆ ಮರೆವಿನ ಕಾಯಿಲೆ, ಅವಳೂ ಬಿಡುವಿನ ಮನೆಗೆ ಬರುವವಳೇ. "ದಿನಾ ಬೆಳಿಗ್ಗೆ ನೀವ್ಯಾರು ಅಂತ ಕೇಳ್ತಾಳೆ. ದಿನಾ ಹೊಸದಾಗಿ ಪರಿಚಯ ಮಾಡ್ಕೋತೀನಿ. ಒಂದು ದಿನವೂ ಬೇಡ ಅಂದಿಲ್ಲ ನೋಡಿ, ಅದೇ ನನ್ನ ಪುಣ್ಯ" ಎಂದು ನಕ್ಕ. ಆಮೇಲೆ ಅಕ್ಕನ ಕಡೆ ತಿರುಗಿ, "ನಿಮ್ಮ ಅತ್ತೆ ಅಂದ್ರೆ ಆ ಸೈಕಲ್ ಅಜ್ಜಿ ತಾನೆ? ಅಬ್ಬಬ್ಬಾ, ಅವರು..." ಎಂದು ಶುರು ಮಾಡಿದ. ನರ್ಸಮ್ಮ ಜೋರಾಗಿ ಕೆಮ್ಮಿದಳು. ಪೋಸ್ಟಣ್ಣ ಇಡೀ ಬಿಸ್ಕತ್ತನ್ನು ಒಂದೇ ಸಲ ಬಾಯಿಗೆ ತುರುಕಿಕೊಂಡ. ಅತ್ತೆ ಅಲ್ಲಿ ಜಗಳವಾಡಿರಬೇಕು ಎಂದು ಅಕ್ಕ ಭೂಮಿಗಿಳಿದು ಹೋದಳು.

ಟಾಕೀಸಿನಲ್ಲಿ ಮೊದಲ ಸಾಲು ಮುಗಿಯಿತು. ಹೊಸ ನಾರು, ಹೊಸ ಫೋಮು, ಮೇಲೆ ಕಡುಗೆಂಪು ರೆಕ್ಸಿನ್. ನೋಡಲು ರಾಜಗಾಂಭೀರ್ಯ. ಆದರೆ ಎರಡನೇ ಸಾಲಿಗೆ ಕೈ ಹಾಕಲು ಅಕ್ಕನಿಂದ ಆಗಲಿಲ್ಲ. ಅತ್ತೆ ಕೂತು ನೋಡಿಲ್ಲವಲ್ಲ! ಮನೆಗೆ ಒಯ್ದು ತೋರಿಸಲು ಸಂಜೆವರೆಗೆ ಕಾಯುವ ತಾಳ್ಮೆಯೂ ಇರಲಿಲ್ಲ. ಒಂದು ಸೀಟಿನ ಬೋಲ್ಟು ಬಿಚ್ಚಿ, ಕೈಗಾಡಿಯಲ್ಲಿ ಹೇರಿಕೊಂಡು, ನಡುಮಧ್ಯಾಹ್ನ ಬಿಡುವಿನ ಮನೆಯ ಕಡೆ ನೂಕಿಕೊಂಡು ಹೊರಟಳು. "ಏನಕ್ಕಾ, ಸಿಂಹಾಸನ ಯಾರಿಗೆ?" ಎಂದು ದಾರಿಯಲ್ಲಿ ಯಾರೋ ಕೇಳಿದರು. "ಇನ್ಯಾರಿಗೆ, ಮಹಾರಾಣಿಗೆ!" ಎಂದಳು.

ಗೇಟಿನ ಹತ್ತಿರ ಬರುವಷ್ಟರಲ್ಲೇ ನಗು ಕೇಳಿಸಿತು. ಕಿಟಕಿಯಿಂದ ಇಣುಕಿದಳು. ಒಳಗೆ ವೃತ್ತವಾಗಿ ಕುರ್ಚಿಗಳು, ಕುರ್ಚಿಗಳಲ್ಲಿ ಅಜ್ಜ ಅಜ್ಜಿಯರು. ನಡುವೆ ವಾಕರ್ ಹಿಡಿದು, ಬೆನ್ನು ನೆಟ್ಟಗೆ ಮಾಡಿ ಕೂತಿದ್ದವಳು ಅತ್ತೆ! ವ್ಯಾಯಾಮ ನಡೆದಿತ್ತು. ಒಂದು ಟ್ರಿಣ್ ಎಂದರೆ ಕೈ ಮೇಲೆ, ಎರಡು ಟ್ರಿಣ್ ಎಂದರೆ ಕೈ ಕೆಳಗೆ.

"ರೀ ಮೇಷ್ಟ್ರೇ, ಕೈ ಎತ್ತಿ ಅಂದ್ರೆ ಕೈ ಎತ್ತಬೇಕು, ಹುಬ್ಬಲ್ಲ!" ಎಂದು ಅತ್ತೆ ಗದರಿದಳು. ಎದುರು ಕುರ್ಚಿಯ ನಿವೃತ್ತ ಮೇಷ್ಟ್ರು ನಕ್ಕರು, ಪೋಸ್ಟಣ್ಣನ ಹೆಂಡತಿ ನಕ್ಕಳು, ಅತ್ತೆಯಂತೂ ವಾಕರ್ ಅಲುಗಾಡುವಷ್ಟು ನಕ್ಕಳು. ಗಂಡ ಹೋದ ಮೇಲೆ, ಮಗ ಹೋದ ಮೇಲೆ ಆ ಮುಖದಲ್ಲಿ ಅಂಥ ನಗುವನ್ನು ಅಕ್ಕ ಕಂಡಿರಲಿಲ್ಲ.

ನರ್ಸಮ್ಮ ಹೇಳಿದಳು, "ಅಜ್ಜಿ, ಒಂದು ದಿನ ನಿಮ್ಮ ಸೊಸೆನ ಕರೆಸೋಣ. ಇದನ್ನೆಲ್ಲ ನೋಡ್ಲಿ."

"ಅಯ್ಯೋ ಬೇಡ ತಾಯಿ! ನಾನಿಲ್ಲಿ ಹಲ್ಲು ಕಿರೀತಾ ಕೂತಿರ್ತೀನಿ ಅಂತ ಗೊತ್ತಾದ್ರೆ ಅವಳ ಎದೆ ಒಡೆದು ಹೋಗತ್ತೆ. ಪಾಪ, ನಾನಿಲ್ದೆ ಅವಳಿಗೆ ಹೊತ್ತೇ ಹೋಗಲ್ಲ. ದಿನಾ ಮುಖ ಸಣ್ಣ ಮಾಡ್ಕೊಂಡು ಬರ್ತಾಳೆ."

ಬೇರೆ ಯಾರಾದರೂ ಆಗಿದ್ದರೆ ವಿಷಯ ಅಲ್ಲೇ ಅರ್ಥವಾಗಿ ನಕ್ಕುಬಿಡುತ್ತಿದ್ದರು. ನಮ್ಮ ಅಕ್ಕನಿಗೆ ಕಿವಿಗೆ ಬಿದ್ದದ್ದು ಹಲ್ಲು ಕಿರಿದದ್ದು ಮಾತ್ರ. ತಾನಿಲ್ಲದ ಕಡೆ ಅತ್ತೆ ಇಷ್ಟು ಸುಖವಾಗಿದ್ದಾಳೆ. ಹಾಗಾದರೆ ಮಗಳ ಮನೆಯಲ್ಲೂ ಇರಬಲ್ಲಳು. ತಾನು ಇಷ್ಟು ವರ್ಷ ಭುಜ ಕೊಟ್ಟು ಹಿಡಿದುಕೊಂಡಿದ್ದು ಹಿಡಿದುಕೊಳ್ಳಬೇಕಾಗಿಯೇ ಇರಲಿಲ್ಲವೋ ಏನೋ. ಕೈಗಾಡಿ ತಿರುಗಿಸಿದಳು. ಈ ಸಲ ದಾರಿಯಲ್ಲಿ ಯಾರು ಏನು ಕೇಳಿದರೂ ಉತ್ತರ ಕೊಡಲಿಲ್ಲ. ಟಾಕೀಸಿಗೂ ಹೋಗದೆ ಸೀದಾ ಮನೆಗೆ ಬಂದು, ಗಾಡಿಯನ್ನು ಸೀಟಿನ ಸಮೇತ ಹಿತ್ತಲಲ್ಲಿ ನಿಲ್ಲಿಸಿ ಒಳಗೆ ಸೇರಿಕೊಂಡಳು.

ಸಂಜೆ ಅತ್ತೆ ಎಂದಿನಂತೆ ಗಂಟುಮುಖ ಹೊತ್ತು ಬಂದು ಎಂದಿನಂತೆ ಮಂಚದ ಮೇಲೆ ಕೂತು ಎಂದಿನಂತೆ ನಿಟ್ಟುಸಿರಿಟ್ಟಳು. ಅಕ್ಕನಿಗೆ ಪಿತ್ತ ನೆತ್ತಿಗೇರಿತು.

"ಅತ್ತೆ, ನೀವು ನಿಮ್ಮ ಮಗಳ ಮನೆಗೆ ಹೋಗಿ ಇದ್ದುಬಿಡಿ. ಅಲ್ಲೂ ಬೆಲ್ ಬಾರಿಸ್ಕೊಂಡು ನಗ್ತಾ ಇರಬಹುದು."

ಅತ್ತೆಯ ನಿಟ್ಟುಸಿರು ಅರ್ಧಕ್ಕೇ ನಿಂತಿತು. "ಅಲ್ಲಿಗೆ ಬಂದಿದ್ಯಾ?"

"ಬಂದಿದ್ದೆ. ಮೊದಲ ಸಾಲಿನ ಸೀಟು ತಂದಿದ್ದೆ, ನೀವು ಕೂತು ನೋಡ್ತೀರಿ ಅಂತ."

"ಸೀಟೆಲ್ಲಿ?"

"ವಾಪಸ್ ತಂದೆ, ಹಿತ್ತಲಲ್ಲಿದೆ."

"ನಾನು ಕೂರದೇನಾ?" ಅತ್ತೆಗೆ ಸಿಟ್ಟು ಬಂದದ್ದು ಆಗ. "ನನ್ನ ಮೇಲೆ ಕೋಪ ಇದ್ರೆ ನನ್ನ ಬೈಯಿ. ಸೀಟು ಏನು ಮಾಡಿತ್ತು? ಕೂತು ನೋಡದೆ ಗಾಡಿ ತಿರುಗಿಸ್ತಾರೇನೇ? ನಿಮ್ಮ ಮಾವ ಇದ್ದಿದ್ರೆ..."

"ಮಾವ ಇದ್ದಿದ್ರೆ ನೀವು ದಿನಾ ಸಂಜೆ ನನ್ನ ಮುಂದೆ ನಾಟಕ ಆಡೋದು ನೋಡಿ ಅವರೇ ನಗ್ತಿದ್ರು! ಅಲ್ಲಿ ಅಷ್ಟು ಖುಷಿಯಾಗಿ ಇರ್ತೀರಿ, ಇಲ್ಲಿ ಬಂದು ನಿಟ್ಟುಸಿರು ಬಿಡ್ತೀರಿ. ನಾನೇನು ಅಷ್ಟು ಬೇಡವಾದವಳಾ?"

"ನೀನು ಅಲ್ಲಿ ಧೂಳು ಕುಡೀತಾ ಅಳ್ತಿರ್ತೀಯ, ನಾನು ನಗ್ತಾ ಬಂದು ಇಳೀಲಾ? ನನಗೂ ಮಾನ ಮರ್ಯಾದೆ ಇದೆ ಕಣೇ."

"ನಾನೆಲ್ಲಿ ಅಳ್ತಿದ್ದೆ? ನಾನು ಹಾಡ್ತಿದ್ದೆ!" ಮಾತು ಬಾಯಿಂದ ಜಾರಿತು. ಅಕ್ಕ ನಾಲಿಗೆ ಕಚ್ಚಿಕೊಂಡಳು.

"ಏನಂದೆ?"

"ಹಾಡ್ತಿದ್ದೆ ಅತ್ತೆ. ಗಂಟಲು ಹರಿಯೋ ಹಾಗೆ. ದಿನಾ."

"ಅಯ್ಯೋ ಕಳ್ಳಿ!" ಎಂದಳು ಅತ್ತೆ. "ಮತ್ತೆ ಸಂಜೆಯಾದ್ರೆ ಆ ಸಣ್ಣ ಮುಖ?"

"ನೀವು ಬೇಜಾರಾಗಿದ್ರಲ್ಲ, ಅದಕ್ಕೆ."

"ನೀನು ಬೇಜಾರಾಗಿದ್ದೀಯ ಅಂತ ತಾನೆ ನಾನು!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ಯಾರು ನಕ್ಕರೋ ಹೇಳುವುದು ಕಷ್ಟ. ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ವಾಕರ್ ಮಂಚಕ್ಕೆ ಬಡಿದು ಬೆಲ್ಲು ತಾನಾಗಿಯೇ ಬಾರಿಸಿಕೊಂಡಿತು.

ನಗು ನಿಂತ ಮೇಲೆ ಅತ್ತೆ ಕಣ್ಣೊರೆಸಿಕೊಂಡಳು. "ಮಗಳು ನನಗೂ ಫೋನ್ ಮಾಡಿ ಕರೆದಿದ್ಲು. ಬರಲ್ಲ ಅಂದೆ. ಹೋಗೋ ಜಾಗ ನೂರು ಇರಲಿ ಕಣೇ. ಸಂಜೆಗೆ ವ್ಯಾನು ಈ ಬಾಗಿಲಿಗೆ ಬಂದು ನಿಲ್ಲತ್ತೆ ಅಂತ ಗೊತ್ತಿರೋದಕ್ಕೆ ನಾನು ಬೆಳಿಗ್ಗೆಯಿಂದ ಅಲ್ಲಿ ನಗೋದು. ನಿಲ್ಲಲ್ಲ ಅಂತ ಆಗಿದ್ರೆ ಆ ಮೇಷ್ಟ್ರ ಹುಬ್ಬು ನೋಡಿ ಯಾರಿಗೆ ನಗು ಬರ್ತಿತ್ತು?"

ಅಕ್ಕ ಮಂಚದ ಹತ್ತಿರ ಬಂದಳು. ಅತ್ತೆಯ ಕೈ ಹಿಡಿದುಕೊಂಡು ನಿಂತಳು. ಇಷ್ಟು ದಿನ ಎದೆಯ ಮೇಲಿದ್ದ ಭಾರ ಎಲ್ಲಿ ಹೋಯಿತೋ ಅವಳಿಗೇ ಗೊತ್ತಾಗಲಿಲ್ಲ.

"ಸಾಕು, ಕಣ್ಣಲ್ಲಿ ನೀರು ಹಾಕ್ಬೇಡ, ರೆಕ್ಸಿನ್‌ಗೆ ಕಲೆ ಆಗತ್ತೆ" ಎಂದಳು ಅತ್ತೆ. "ಆ ಸೀಟು ಒಳಗೆ ತಾ."

ಸೀಟು ಒಳಗೆ ಬಂತು. ಅತ್ತೆ ವಾಕರ್ ಹಿಡಿದು, ಸೊಸೆಯ ಮೊಣಕಾಲಿನ ಬಲದಲ್ಲಿ ಮೆಲ್ಲಗೆ ಕೂತಳು. ಆ ಕಡೆ ಈ ಕಡೆ ಜರುಗಿದಳು. ಕಣ್ಣು ಮುಚ್ಚಲಿಲ್ಲ. "ಮುಂದಗಡೆ ಎಡಕ್ಕೆ ನಾರು ಸಾಲದು. ಸಿನಿಮಾ ಮುಗಿಯೋ ಹೊತ್ತಿಗೆ ಕಾಲು ಜೋಮು ಹಿಡಿಯತ್ತೆ. ಇಡೀ ಸಾಲು ಬಿಚ್ಚು." ಇಡೀ ಸಾಲು ಬಿಚ್ಚಬೇಕೆಂದು ಕೇಳಿ ಅಷ್ಟು ಸಂತೋಷಪಟ್ಟ ಕುಶನ್ ಕೆಲಸದವರು ಬೇರೆ ಯಾರೂ ಇರಲಾರರು.

ಅಲ್ಲಿಂದಾಚೆ ಸಂಜೆ ಎಂದರೆ ಸುದ್ದಿಯೋ ಸುದ್ದಿ. ಮೇಷ್ಟ್ರು ಏನಂದರು, ಮ್ಯಾನೇಜರು ಎಷ್ಟು ಸಲ ಸೀನಿದ, ಎಲ್ಲ 'ಟ್ರಿಣ್' ಸಮೇತ ಹೇಳಿ ಮುಗಿಯುತ್ತಿರಲಿಲ್ಲ. ನಾದಿನಿ ಫೋನು ಮಾಡಿ "ಅಮ್ಮ ಹೇಗಿದ್ದಾರೆ ಅತ್ತಿಗೆ?" ಎಂದರೆ ಅಕ್ಕ, "ಅವರಿಗೆ ಪುರಸೊತ್ತಿಲ್ಲಮ್ಮ, ನೀನೇ ಒಂದ್ಸಲ ಬಂದು ನೋಡ್ಕೊಂಡು ಹೋಗು" ಎಂದು ನಕ್ಕುಬಿಡುತ್ತಿದ್ದಳು. ಭುಜವೂ ಸ್ವಲ್ಪ ಸ್ವಲ್ಪವೇ ತನ್ನ ಜಾಗಕ್ಕೆ ಮರಳುತ್ತಿತ್ತು.

ಕೊನೆಯ ಸಾಲು ಮುಗಿದಾಗ ಹೊಸ ತೊಡಕು ಬಂತು. ಪದ್ಧತಿಯಂತೆ ಪ್ರತಿ ಸೀಟಿನಲ್ಲೂ ಕೂತು ನೋಡಬೇಕು. ಅತ್ತೆಯ ಸೊಂಟಕ್ಕೆ ಅಷ್ಟು ಸಲ ಕೂತು ಏಳುವುದು ಸಾಧ್ಯವೇ? ನರ್ಸಮ್ಮ ಸುತರಾಂ ಒಪ್ಪಲಿಲ್ಲ. ಅತ್ತೆಯೂ ಸುತರಾಂ ಬಿಡಲಿಲ್ಲ. ಕೊನೆಗೆ ಅತ್ತೆಯೇ ದಾರಿ ಹುಡುಕಿದಳು. "ನಾನು ಒಂದರಲ್ಲಿ ಕೂರ್ತೀನಿ. ಉಳಿದದ್ದಕ್ಕೆ ನಮ್ಮ ಮುದುಕರ ಸೈನ್ಯ ಇದೆಯಲ್ಲ."

ಹೀಗೆ ಟಾಕೀಸು ತೆರೆಯುವ ಹಿಂದಿನ ದಿನ ಬಿಡುವಿನ ಮನೆಯ ವ್ಯಾನು ಎರಡು ಮೂರು ಸಲ ಓಡಾಡಿ ಎಲ್ಲರನ್ನೂ ತಂದು ಇಳಿಸಿತು. ನೋಡಿಕೊಳ್ಳುವ ಮನೆಯವರೂ ಬಂದರು. ಹಾಲಿನ ತುಂಬ ಕೋಲು, ವಾಕರ್, ಗಾಲಿಕುರ್ಚಿ. ಅತ್ತೆ ನಡುವಿನ ಸಾಲಿನ ಅಂಚಿನ ಸೀಟಿನಲ್ಲಿ ಕೂತು ಬೆಲ್ಲು ಬಾರಿಸಿದಳು. ಟ್ರಿಣ್ ಎಂದರೆ ಎಲ್ಲರೂ ಕೂರಬೇಕು, ಟ್ರಿಣ್ ಟ್ರಿಣ್ ಎಂದರೆ ಏಳಬಲ್ಲವರು ಎದ್ದು ಪಕ್ಕದ ಸೀಟಿಗೆ. "ಇದು ಸ್ವಲ್ಪ ಗಟ್ಟಿ" ಎಂದರು ಮೇಷ್ಟ್ರು. "ಸೀಟಲ್ಲ, ಜೇಬಲ್ಲಿರೋ ಕನ್ನಡಕದ ಡಬ್ಬಿ ತೆಗೀರಿ" ಎಂದು ಅತ್ತೆ ಕೂತಲ್ಲಿಂದಲೇ ಕೂಗಿದಳು. ಪೋಸ್ಟಣ್ಣನ ಹೆಂಡತಿ ಪ್ರತಿ ಸೀಟಿನಲ್ಲೂ ಕೂತು "ಎಷ್ಟು ಚೆನ್ನಾಗಿದೆ!" ಎಂದು ಹೊಸದಾಗಿ ಬೆರಗಾದಳು. ಮ್ಯಾನೇಜರು ಕರ್ಚೀಫು ಹಿಂಡುತ್ತ ಹಿಂದೆ ಮುಂದೆ ಓಡಾಡಿದ.

ಅಕ್ಕ ಸಾಲುಗಳ ನಡುವೆ ನಿಂತಿದ್ದಳು. ಯಾವ ಸೀಟಿನ ಬಗ್ಗೆ ಯಾರು ಏನೆನ್ನುತ್ತಾರೋ ಎಂದು ಮೈಯೆಲ್ಲ ಕಿವಿಯಾಗಿತ್ತು. ಕೂತು ನೋಡಿದ ಸೀಟುಗಳೆಲ್ಲ ಪಾಸಾದವು. ಅತ್ತೆ ಮಾತ್ರ ಇನ್ನೂ ಕಣ್ಣು ಮುಚ್ಚಿರಲಿಲ್ಲ.

"ಏನತ್ತೆ, ನಿಮ್ಮದು ಸರಿಯಿಲ್ವಾ?"

"ನಂದು ಸರಿಯಾಗಿದೆ. ಈ ಪಕ್ಕದ್ದು ಒಂದು ಉಳಿದಿದೆ, ಯಾರೂ ಕೂತಿಲ್ಲ."

ಅಕ್ಕ ಸುತ್ತ ನೋಡಿದಳು. "ಪೋಸ್ಟಣ್ಣನ್ನ ಕರೀಲಾ?"

"ಪೋಸ್ಟಣ್ಣ ಯಾಕೆ? ನಿನಗೆ ಏನಾಗಿದೆ? ಮದುವೆಯಾಗಿ ಬಂದಾಗಿಂದ ಕುರ್ಚಿ ಮಾಡ್ತಿದ್ದೀಯ. ನೀನು ಮಾಡಿದ ಕುರ್ಚೀಲಿ ಯಾವತ್ತಾದ್ರೂ ಕೂತಿದ್ದೀಯಾ?"

"ನಾನಾ? ಕೆಲಸ ಇದೆ ಅತ್ತೆ, ಆ ಮೂಲೇಲಿ ಕಸ..."

"ಕೂತ್ಕೋ."

ಅಕ್ಕ ಕೂತಳು. ಮೊದಲು ಅಂಚಿನಲ್ಲಿ, ಈಗ ಎದ್ದೆ ಎನ್ನುವ ಹಾಗೆ. ಆಮೇಲೆ ಬೆನ್ನು ಹಿಂದಕ್ಕೆ ತಾಗಿತು. ಮಾವ ಕಟ್ಟಿದ ಸ್ಪ್ರಿಂಗು, ಅತ್ತೆ ಹೇಳಿಕೊಟ್ಟ ಹೊಲಿಗೆ, ತಾನೇ ತುಂಬಿದ ನಾರು ಅವಳ ಭಾರವನ್ನು ಮೆಲ್ಲಗೆ ಹೊತ್ತುಕೊಂಡವು. ಎಡಕ್ಕೆ ಸಾಲದೆ ಹೋಗಿದ್ದ ನಾರು ಈಗ ಸರಿಯಾಗಿತ್ತು. "ಹ್ಞಾಂ, ಚೆನ್ನಾಗಿದೆ ಅತ್ತೆ" ಎಂದಳು. ಇನ್ನೂ ಏನೋ ಹೇಳುವುದರಲ್ಲಿದ್ದಳು, ಮಾತು ಮುಗಿಯಲಿಲ್ಲ. ತಲೆ ಅತ್ತೆಯ ಭುಜದ ಕಡೆ ವಾಲಿ ಅಲ್ಲೇ ನಿಂತಿತು, ಹಿಂದೆಯೇ ಸಣ್ಣ ಗೊರಕೆ.

ದೀಪ ಆರಿಸಿ ಸಣ್ಣದೊಂದು ಸಿನಿಮಾ ತುಣುಕು ಹಾಕಿ ತೋರಿಸುತ್ತೇನೆ ಎಂದು ಮ್ಯಾನೇಜರು ಮೊದಲೇ ಆಸೆ ಹುಟ್ಟಿಸಿದ್ದ. ಎಲ್ಲರೂ ಅದಕ್ಕೇ ಕಾದು ಕೂತಿದ್ದರು. "ಅಜ್ಜಿ, ಬೆಲ್ ಹೊಡೀರಿ, ಶುರು ಮಾಡೋಣ!" ಎಂದು ಅವನು ಬಾಗಿಲ ಹತ್ತಿರದಿಂದ ಕೂಗಿದ.

ಅತ್ತೆ ಕೈ ಚಾಚಿದಳು, ಬೆಲ್ಲು ಬಾರಿಸಲಿಲ್ಲ. ಅದು ಅಪ್ಪಿತಪ್ಪಿಯೂ ಸದ್ದು ಮಾಡದಂತೆ ಅಂಗೈಯಿಂದ ಮುಚ್ಚಿ ಹಿಡಿದಳು. ಇನ್ನೊಂದು ಕೈಯ ಬೆರಳನ್ನು ತುಟಿಯ ಮೇಲಿಟ್ಟಳು. ಸಾಲು ಸಾಲಿಗೂ ಸದ್ದಡಗಿತು, ಮೇಷ್ಟ್ರು ಕೆಮ್ಮನ್ನೂ ನುಂಗಿಕೊಂಡರು.

"ಸಿನಿಮಾ ಆಮೇಲೆ ಹಾಕಪ್ಪ" ಎಂದು ಅತ್ತೆ ಪಿಸುಗುಟ್ಟಿದಳು. "ನನ್ನ ಸೊಸೆ ಕೂತಿದ್ದಾಳೆ."

ಹಾಗೆಂದು ಅವಳೂ ಕಣ್ಣು ಮುಚ್ಚಿದಳು.